ಮೂರನೇ ಮಹಡಿಯ ಪೈಲ್ವಾನರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಬೀದಿಗೊಬ್ಬರಂತೆ ಇವರು ಸಿಗುತ್ತಾರೆ. ವಯಸ್ಸು ಇಪ್ಪತ್ತೈದರ ಆಸುಪಾಸು, ಕೆಲಸ ಕಂಪ್ಯೂಟರಿನ ಮುಂದೆ, ವಾಸ ಮೂರನೇ ಮಹಡಿಯ ಬಾಡಿಗೆ ಮನೆ. ಗುರುತು ಹಿಡಿಯುವುದು ಸುಲಭ: ಎರಡೂ ಕಂಕುಳಲ್ಲಿ ಎಳನೀರು ಸಿಕ್ಕಿಸಿಕೊಂಡವರಂತೆ ತೋಳು ಅಗಲಿಸಿ ನಡೆಯುತ್ತಾರೆ. ವ್ಯಾಯಾಮಕ್ಕೆ ಇಳಿದ ನಾಲ್ಕನೇ ದಿನಕ್ಕೇ ಈ ನಡಿಗೆ ಬಂದುಬಿಡುತ್ತದೆ. ಎದೆ ಬರುವುದಷ್ಟೇ ಬಾಕಿ.

ಪೈಲ್ವಾನರು ಜಿಮ್ಮಿಗೆ ಹೋಗುವುದಿಲ್ಲ. ವರ್ಷದ ಶುಲ್ಕ ಕಟ್ಟಿ ಒಂದು ವಾರ ಹೋಗಿ ಬಂದದ್ದುಂಟು. ಅಲ್ಲಿ ಕನ್ನಡಿಯ ಮುಂದಿನ ಜಾಗವನ್ನೆಲ್ಲ ಆಗಲೇ ಎದೆ ಬಂದವರು ಹಿಡಿದಿದ್ದರು. ಅಂದಿನಿಂದ ಮನೆಯ ಹಾಲೇ ವ್ಯಾಯಾಮಶಾಲೆ. ಆಸ್ತಿ ಇಷ್ಟು: ಐದೈದು ಕೆ.ಜಿ.ಯ ಒಂದು ಜೊತೆ ಡಂಬೆಲ್ಸ್, ಒಂದು ಯೋಗಾ ಮ್ಯಾಟು, ಬಾಗಿಲಿಗೆ ಸಿಕ್ಕಿಸಿದ ಒಂದು ಸರಳು. ಸರಳಿನ ಮೇಲೆ ಒದ್ದೆ ಟವೆಲ್ಲು. ಡಂಬೆಲ್ಸ್ ನೆಲ ಮುಟ್ಟಿದ ಕೂಡಲೇ ಕೆಳಮನೆಯ ಓನರ್ ಕೂಗುತ್ತಾರೆ, "ಏನಪ್ಪಾ ಅದು ಬಿದ್ದಿದ್ದು?" ಇತ್ತ ತಾರಸಿಯಿಂದ ಅಮ್ಮನ ದನಿ: "ಆ ಕಬ್ಬಿಣ ಇಲ್ಲಿ ಕೊಡೋ, ಹಪ್ಪಳದ ಬಟ್ಟೆ ಹಾರ್ತಿದೆ!" ಬೇಸಿಗೆಯಲ್ಲಿ ಡಂಬೆಲ್ಸಿಗೆ ತಾರಸಿಯಲ್ಲೇ ಹೆಚ್ಚು ಕೆಲಸ.

ಶಾಸ್ತ್ರಜ್ಞಾನದಲ್ಲಿ ಪೈಲ್ವಾನರನ್ನು ಮೀರಿಸುವವರಿಲ್ಲ. ಮೇಲೆದೆಗೆ ಬೆಂಚು ಎಷ್ಟು ಡಿಗ್ರಿ ಓರೆಯಾಗಿರಬೇಕು, ಕೆಳಗಿನದಕ್ಕೆ ಎಷ್ಟು ಎಂದು ಕಾಫಿ ಆರುವ ತನಕ ವಿವರಿಸುತ್ತಾರೆ. "ಬೆಂಚೇ ಇಲ್ಲ ನೋಡಿ, ಐದು ಕೆ.ಜಿ.ಯಲ್ಲಿ ಏನು ಬರುತ್ತೆ?" ಎಂಬುದು ನಿತ್ಯದ ಕೊರಗು. ಆದರೆ ನೆಲದ ಮೇಲೆ ಒಂದು ದಂಡ ಹೊಡೆದರೆ ದೇಹದ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. ಪೈಲ್ವಾನರ ತೂಕ 72 ಕೆ.ಜಿ. ಅಂದರೆ 45 ಕೆ.ಜಿ.ಗೂ ಹೆಚ್ಚು ಭಾರ ಮನೆಯಲ್ಲೇ ಇದೆ. ಅದಕ್ಕೆ ಕಂತೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಆ ಭಾರವನ್ನು ಅವರು ಹನ್ನೆರಡು ಸಲ ಎತ್ತುತ್ತಾರೆಂದು ಲೆಕ್ಕ. ಐದರ ನಂತರ ಕೆಳಗಿಳಿಯುವುದು ಕತ್ತು ಮಾತ್ರ.

ಇದಕ್ಕೂ ದಾರಿಯಿದೆ. ನೆಲದ ಮೇಲೆ ಆಗದಿದ್ದರೆ ಗೋಡೆಗೆ ಕೈ ಕೊಟ್ಟು ಶುರು ಮಾಡಬಹುದು, ಆಮೇಲೆ ಮಂಚದ ಅಂಚು, ಆಮೇಲೆ ನೆಲ. ಅದೂ ಹಗುರ ಅನ್ನಿಸಿದ ದಿನ ಕಾಲನ್ನೇ ಮಂಚದ ಮೇಲಿಟ್ಟರೆ ಭಾರ ಮೇಲೆದೆಗೆ ಸರಿಯುತ್ತದೆ. ಆಫೀಸಿನ ಬ್ಯಾಗಿಗೆ ಐದು ಕೆ.ಜಿ. ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಂಡರೆ ಇನ್ನೂ ಒಂದು ಮೆಟ್ಟಿಲು. ಇದನ್ನು ಹೇಳಿದರೆ ಪೈಲ್ವಾನರು ನಗುತ್ತಾರೆ. ಅಕ್ಕಿಗೆ ಬ್ರ್ಯಾಂಡ್ ಇಲ್ಲವಲ್ಲ!

ಸೋಮವಾರ ಅವರಿಗೆ ಎದೆಯ ದಿನ. ಮಂಗಳವಾರವೂ ಎದೆಯದೇ. ಬೆನ್ನು ಕನ್ನಡಿಯಲ್ಲಿ ಕಾಣುವುದಿಲ್ಲ, ಕಾಲನ್ನು ಪ್ಯಾಂಟು ಮುಚ್ಚುತ್ತದೆ. ಹಾಗಾಗಿ ಅವೆರಡಕ್ಕೂ ವರ್ಷಪೂರ್ತಿ ರಜೆ. ಸ್ನಾಯು ಬೆಳೆಯುವುದು ವಿಶ್ರಾಂತಿಯಲ್ಲಿ, ದಣಿದ ಎದೆಗೆ ಒಂದು ದಿನವಾದರೂ ಬಿಡುವು ಕೊಡಬೇಕು ಎಂದರೆ ಕೇಳುವವರಾರು? ಬೆನ್ನನ್ನು ಮರೆತು ಎದೆಯನ್ನಷ್ಟೇ ದುಡಿಸಿದರೆ ಭುಜ ಮುಂದಕ್ಕೆ ಬಾಗತೊಡಗುತ್ತದೆ. ಎದೆ ಉಬ್ಬಿಸಲು ಹೊರಟವರು ಗೂನು ಸಂಪಾದಿಸುತ್ತಾರೆ.

ಊಟದ್ದು ಇನ್ನೊಂದು ಕಥೆ. ಅಮ್ಮ ಹುರುಳಿಕಾಳಿನ ಬಸ್ಸಾರು ಮಾಡಿದರೆ "ಪ್ರೋಟೀನ್ ಎಲ್ಲಿದೆ ಇದರಲ್ಲಿ?" ಎಂದು ತಟ್ಟೆ ಸರಿಸುತ್ತಾರೆ. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಮಿಗೂ ಹೆಚ್ಚು ಪ್ರೋಟೀನ್, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಪೈಲ್ವಾನರ ನಂಬಿಕೆಯೆಲ್ಲ ಎರಡು ಕೆ.ಜಿ. ಪೌಡರ್ ಡಬ್ಬದ ಮೇಲೆ. ಮೂರು ತಿಂಗಳಿಗೆ ಆ ಡಬ್ಬದಲ್ಲಿ ತೊಗರಿಬೇಳೆ ತುಂಬಿರುತ್ತದೆ. ಅಲ್ಲಿಗೆ ಪ್ರೋಟೀನ್ ಬಂದ ಹಾಗೇ ಆಯಿತು ಬಿಡಿ. ಭಾನುವಾರ ಟೈಲರ್ ಟೇಪು ಹಿಡಿದು ಎದೆಯ ಅಳತೆ. ಉಸಿರು ಎಳೆದರೆ ಒಂದಿಂಚು ಜಾಸ್ತಿ. ಆ ಉಸಿರು ಹಿಡಿದುಕೊಂಡೇ ಫೋಟೊ.

ಅಸಲಿ ಪೈಲ್ವಾನರ ಕಥೆಯೇ ಬೇರೆ. ಮೈಸೂರಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ ಹೊಡೆದೇ ಎದೆ ಬರಿಸಿಕೊಂಡವರು ದಸರಾ ಕುಸ್ತಿಗೆ ಇಳಿಯುತ್ತಿದ್ದರು. ಅವರಿಗಿದ್ದದ್ದು ಕೆಮ್ಮಣ್ಣಿನ ಅಖಾಡ, ಜೊತೆಗೆ ಗದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, 'ಶಾಂತಲಾ' ಕಾದಂಬರಿಯನ್ನೂ ಬರೆದ ಕೆ.ವಿ. ಅಯ್ಯರ್ ಅವರು ಭಾರ ಎತ್ತಿಸುವುದರ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದರು. ಅದಕ್ಕೆ ಬೇಕಾದದ್ದು ಒಂದು ಚಾಪೆಯಷ್ಟು ನೆಲ.

ಆದ್ದರಿಂದ ಪೈಲ್ವಾನರೇ, ಬೆಂಚು ಬರಲಿ ಎಂದು ಕಾಯಬೇಡಿ. ವಾರಕ್ಕೆ ಮೂರು ದಿನ, ಎದೆ ನೆಲದ ಹತ್ತಿರ ಹೋಗುವ ಹಾಗೆ ದಂಡ ಹೊಡೆಯಿರಿ. ಬಾಗಿಲ ಸರಳಿನಿಂದ ಟವೆಲ್ಲು ತೆಗೆದು ನೀವು ನೇತಾಡಿ, ಬೆನ್ನಿಗೂ ಕೆಲಸ ಸಿಗಲಿ. ಎರಡು ಮೂರು ತಿಂಗಳಲ್ಲಿ ಅಂಗಿಯ ಗುಂಡಿಯೇ ವ್ಯತ್ಯಾಸ ಹೇಳುತ್ತದೆ. ಅಲ್ಲಿಯ ತನಕ ದಯವಿಟ್ಟು ತೋಳು ಮಡಚಿ ನಡೆಯಿರಿ. ಬಿಎಂಟಿಸಿ ಬಸ್ಸಿನಲ್ಲಿ ಪಕ್ಕದವರಿಗೂ ಜಾಗ ಬೇಕು.