ಶ್ರೇಯಾಂಕ ದಯಪಾಲಿಸುವ ಮಹಾಶಯರಲ್ಲಿ ಒಂದು ಬಿನ್ನವತ್ತಳೆ

ಸ್ವದೇಶದಲ್ಲಿಯೂ ಪರದೇಶಗಳಲ್ಲಿಯೂ ಆಸೀನರಾಗಿ ವಿಶ್ವವಿದ್ಯಾನಿಲಯಗಳಿಗೆ ವರ್ಷಂಪ್ರತಿ ಸ್ಥಾನಮಾನಗಳನ್ನು ಅನುಗ್ರಹಿಸುತ್ತಿರುವ ಮಹಾಶಯರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಯೊಬ್ಬನ ವಿಜ್ಞಾಪನೆ. ಉಭಯಕುಶಲೋಪರಿ ಸಾಂಪ್ರತ.

೧೯೧೬ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಈ ವಿದ್ಯಾಪೀಠವು, ಲೋಕದಲ್ಲಿ ತಾನು ಎಷ್ಟನೆಯದೆಂಬುದನ್ನು ಅರಿಯದೆ, ಅರಿಯಬೇಕೆಂಬ ವಿವೇಕವೂ ಇಲ್ಲದೆ, ಬಹುಕಾಲ ಸುಮ್ಮನೆ ಪಾಠ ಹೇಳಿಕೊಂಡಿತ್ತು. ಆ ಅಜ್ಞಾನದಲ್ಲಿಯೇ ಅದು ಅಧ್ಯಾಪಕರನ್ನು ಹಳ್ಳಿಗಾಡಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ, ಅವನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ೧೯೪೬ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ, ಮುಂದೆ ಕನ್ನಡ ವಿಶ್ವಕೋಶದ ಸಂಪುಟಗಳನ್ನೂ ಹೊರತಂದಿತು. ಅದೆಲ್ಲ ನಿಷ್ಫಲವಾದ ದುಡಿಮೆಯೆಂಬುದು ಈಗ ತಾನೆ ವೇದ್ಯವಾಗಿದೆ. ೨೦೧೫ರಲ್ಲಿ ಅವತರಿಸಿದ ನಮ್ಮ ರಾಷ್ಟ್ರೀಯ ಶ್ರೇಯಾಂಕ ವ್ಯವಸ್ಥೆಯಾದ ಎನ್‌ಐಆರ್‌ಎಫ್ ಸಂಶೋಧನೆಯನ್ನು ಎಣಿಸುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಪ್ರಬಂಧಸೂಚಿಗಳ ಖಾತೆಗಳನ್ನು ತೆರೆದು. ಕನ್ನಡದ ನಿಘಂಟು ಅಲ್ಲಿ ಜಮೆಯಾಗುವುದಿಲ್ಲ. ಉಳಿದದ್ದು ಕೀರ್ತಿ. ಅದಕ್ಕೂ ನೂರಕ್ಕೆ ೧೦ ಅಂಕಗಳಿವೆಯಾದರೂ, ಹೋದ ವರ್ಷದ ಪಟ್ಟಿಯನ್ನು ಓದಿದ ಮಹನೀಯರು ಈ ವರ್ಷ ಅಭಿಪ್ರಾಯ ಕೊಡುವರು, ಆ ಅಭಿಪ್ರಾಯದಿಂದ ಈ ವರ್ಷದ ಪಟ್ಟಿ ಹುಟ್ಟುವುದು; ಅನ್ಯೋನ್ಯಾಶ್ರಯವನ್ನು ತರ್ಕಶಾಸ್ತ್ರಜ್ಞರು ದೋಷವೆಂದೆಣಿಸಿದ್ದರು, ತಾವು ಅದನ್ನು ವಿಧಾನವನ್ನಾಗಿ ಮಾಡಿಕೊಂಡಿರಿ.

ತಮ್ಮ ಮಹಿಮೆಯನ್ನು ಮನಗಾಣಲು ಕೌಲಾಲಂಪುರದ ಮಲಯ ವಿಶ್ವವಿದ್ಯಾನಿಲಯದ ವೃತ್ತಾಂತವೊಂದೇ ಸಾಕು. ಲಂಡನ್ನಿನ ಟೈಮ್ಸ್ ಉನ್ನತ ಶಿಕ್ಷಣ ಪುರವಣಿಯೂ ಕ್ಯೂಎಸ್ ಸಂಸ್ಥೆಯೂ ಕೂಡಿ ೨೦೦೪ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ ಅದಕ್ಕೆ ೮೯ನೆಯ ಸ್ಥಾನ ಲಭಿಸಲಾಗಿ, ಲೋಕದ ಮೊದಲ ನೂರರಲ್ಲಿ ತಾನೂ ಒಂದೆಂದು ದೊಡ್ಡ ದೊಡ್ಡ ಬ್ಯಾನರುಗಳನ್ನು ಕಟ್ಟಿಸಿ ಸಂಭ್ರಮಿಸಿತು. ಮರುವರ್ಷ ಸ್ಥಾನ ೧೬೯. ನಡುವೆ ಗ್ರಂಥಾಲಯ ಸುಟ್ಟಿತೆ, ಅಧ್ಯಾಪಕರು ಗುಳೆ ಎದ್ದರೆ ಎಂದರೆ, ಅಂಥದೇನೂ ಇಲ್ಲ. ಮಲೇಷ್ಯದ ಪ್ರಜೆಗಳೇ ಆದ ಚೀನೀ ಮತ್ತು ಭಾರತೀಯ ಮೂಲದವರನ್ನು ಮೊದಲ ವರ್ಷ ವಿದೇಶೀಯರೆಂದು ಲೆಕ್ಕ ಹಿಡಿದಿದ್ದರು. ಎರಡನೆಯ ವರ್ಷ ಅವರು ಸ್ವದೇಶೀಯರಾದರು. ಬಹುಮಟ್ಟಿಗೆ ಈ ಅಪರಾಧಕ್ಕಾಗಿ ವಿದ್ಯಾಪೀಠವು ೮೦ ಮೆಟ್ಟಿಲು ಉರುಳಿತು. ವಿರೋಧ ಪಕ್ಷದವರು ರಾಜ ಆಯೋಗದ ತನಿಖೆಯಾಗಲೆಂದರು. ೨೦೦೬ರಲ್ಲಿ ಕುಲಪತಿಗಳೂ ಬದಲಾದರು. (ಬ್ಯಾನರುಗಳನ್ನು ಬಿಚ್ಚಿದ ಕೂಲಿ ಯಾವ ಲೆಕ್ಕದಲ್ಲಿ ಬಿತ್ತೋ!)

ಈ ದೃಷ್ಟಾಂತದಿಂದ ಧೈರ್ಯಗೊಂಡು ಅರಿಕೆ ಮಾಡಿಕೊಳ್ಳುವುದೇನೆಂದರೆ: ಎನ್‌ಐಆರ್‌ಎಫ್ ಪರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳಿಗೂ ಅಂಕಗಳನ್ನು ಕೊಡುತ್ತದಷ್ಟೆ. ೧೯೫೬ರ ನವೆಂಬರ್ ೧ಕ್ಕೆ ಹಿಂದೆ ಧಾರವಾಡವು ಮುಂಬಯಿಗೆ, ಕಲಬುರಗಿ ಹೈದರಾಬಾದಿಗೆ, ಮಂಗಳೂರು ಕೊಳ್ಳೇಗಾಲಗಳು ಮದರಾಸಿಗೆ ಸೇರಿದ್ದುವು. ಕರ್ನಾಟಕದ ಏಕೀಕರಣವನ್ನು, ದತ್ತಾಂಶ ಸಲ್ಲಿಸುವ ಆ ಒಂದು ದಿನದ ಮಟ್ಟಿಗಾದರೂ, ತಾವು ದಯವಿಟ್ಟು ರದ್ದುಪಡಿಸಬೇಕು. ಆಗ ಕೊಳ್ಳೇಗಾಲದಿಂದ ಮುಂಜಾನೆಯ ಕೆಂಪು ಬಸ್ಸು ಹಿಡಿದು, ಚೀಲದಲ್ಲಿ ಚಿತ್ರಾನ್ನದ ಡಬ್ಬಿಯಿಟ್ಟುಕೊಂಡು ನಮ್ಮ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಗೆ ಬರುವ ಹುಡುಗಿಯು ನಮಗೆ ಪರರಾಜ್ಯದ ವಿದ್ಯಾರ್ಥಿನಿಯಾಗಿ ಒದಗುವಳು. ಅವಳ ಅಜ್ಜನು ಮದರಾಸು ಸರ್ಕಾರಕ್ಕೆ ಕಂದಾಯ ಕಟ್ಟಿದ ರಸೀತಿಯನ್ನು ನೋಟರಿ ಮೊಹರಿನೊಂದಿಗೆ ಒದಗಿಸಲು ಸಿದ್ಧರಿದ್ದೇವೆ. ಎಷ್ಟು ಪ್ರತಿಗಳು ಬೇಕೆಂಬುದನ್ನು ಮರುಟಪಾಲಿನಲ್ಲಿ ಅಪ್ಪಣೆ ಕೊಡಿಸುವುದು.

ಇತಿ ತಮ್ಮ ವಿಧೇಯ,
ಅಂಕವಿಲ್ಲದ ಒಬ್ಬ ಪದವೀಧರ