ಚುಕ್ಕೆ ಇಲ್ಲದ ಪ್ರಶ್ನೆ

ಪುಣೆಯಿಂದ ಸೋಲಾಪುರದ ಹೆದ್ದಾರಿ ಹಿಡಿದು 80 ಕಿಲೋಮೀಟರ್ ಆಸುಪಾಸು ಬಂದರೆ ಕುರಕುಂಭ. ಊರಿಗೆ ಫಿರಂಗಾಯಿ ದೇವಿ ಕಾವಲು, ಊರ ಮಗ್ಗುಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಿಗೆ ಸೆಕ್ಯುರಿಟಿಯವರು ಕಾವಲು. ಟ್ಯಾಂಕರುಗಳು ನಿಲ್ಲುವ ಕಡೆ ಇಂಡಿ ತಾಲ್ಲೂಕಿನ ಬಸಪ್ಪನ ಚಹಾದಂಗಡಿ. ಬೋರ್ಡು ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಸಂಜೆಯ ಖಾಯಂ ಗಿರಾಕಿ ಶ್ರೀಪಾದರಾಯರು. ಮಗನಿಗೆ ಇಲ್ಲಿ ಕೆಲಸ, ಹಾಗಾಗಿ ಬೆಂಗಳೂರು ಬಿಟ್ಟು ಬಂದವರು. ವಿಧಾನಸೌಧದಲ್ಲಿ 31 ವರ್ಷ ಕೂತು ಮಂತ್ರಿಗಳ ಪರವಾಗಿ ಶಾಸಕರ ಪ್ರಶ್ನೆಗಳಿಗೆ ಉತ್ತರ ಬರೆದರು. ಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದವು, ವಾಕ್ಯ ಮಾತ್ರ ಅದೇ ಉಳಿಯಿತು. ಜೊತೆಗೆ ಹೆಂಡತಿ ಸಾವಿತ್ರಮ್ಮ. ಬಸ್ಸು ಕೆಟ್ಟು ನಿಂತಿದ್ದರಿಂದ ಆ ಸಂಜೆ ನಾನೂ ಅಲ್ಲಿದ್ದೆ, ಮೂಲೆಯ ಬೆಂಚಿನಲ್ಲಿ.

ಬಸಪ್ಪ: ರಾಯರ, ನಿಮ್ಮ ಉದ್ರಿ ನಾನೂರಾ ಎಂಬತ್ತ ಆತ್ರಿ. ಯಾವಾಗ ಕೊಡ್ತೀರಿ?

ರಾಯರು: ಸದರಿ ವಿಷಯವು ಪರಿಶೀಲನೆಯಲ್ಲಿದೆ.

ಬಸಪ್ಪ: ಹ್ವಾದ ತಿಂಗಳನೂ ಇದನ್ನ ಅಂದಿದ್ರಿ.

ರಾಯರು: ಹೋದ ತಿಂಗಳು 'ಪರಿಶೀಲಿಸಲಾಗುವುದು' ಅಂದಿದ್ದೆ. ಈಗ 'ಪರಿಶೀಲನೆಯಲ್ಲಿದೆ'. ಪ್ರಗತಿ ಕಾಣಿಸ್ತಿಲ್ವೇನಯ್ಯ?

ಸಾವಿತ್ರಮ್ಮ: ಬರೋ ತಿಂಗಳು 'ಅನುದಾನದ ಲಭ್ಯತೆಗನುಗುಣವಾಗಿ' ಅಂತಾರೆ, ನೋಡ್ತಿರಿ. ನಮ್ಮನೆ ಮಿಕ್ಸಿ ನಾಲ್ಕು ವರ್ಷದಿಂದ ಅನುದಾನದ ಲಭ್ಯತೆಗನುಗುಣವಾಗಿಯೇ ಕೆಟ್ಟು ಕೂತಿದೆ.

ರಾಯರು: ಬಸಪ್ಪ, ಈ ಚಹಾಕ್ಕೆ ಹಾಲು ಹಾಕಿದೀಯಾ?

ಬಸಪ್ಪ: ನಮ್ಮ ಮುಂಬೈ ಸಭಾದಾಗ ಹೇಳ್ತಾರಲ್ರಿ, 'ಹೇ ಅಂಶತಃ ಖರೇ ಆಹೇ'. ಅಂಶತಃ ಖರೇ ಐತ್ರಿ.

(ಮಹಾರಾಷ್ಟ್ರದ ಮಂತ್ರಿಗಳ ಉತ್ತರದಲ್ಲಿ ಈ 'ಭಾಗಶಃ ನಿಜ' ಎಷ್ಟು ಸಲೀಸಾಗಿ ಬರುತ್ತದೆಂದರೆ, ಪೂರ್ತಿ ನಿಜ ಯಾವ ಖಾತೆಯಲ್ಲಿದೆ ಎಂದು ಯಾರೂ ಕೇಳುವುದೇ ಇಲ್ಲ. ಅಷ್ಟರಲ್ಲಿ ಆಳಂದ ಕಡೆಯ ಸಿದ್ದು ಬಂದ. ಗುತ್ತಿಗೆ ಕೆಲಸಗಾರ, ಇಪ್ಪತ್ತೇಳರ ಹುಡುಗ. ಮೈಮೇಲೆ ನೀಲಿ ಅಂಗಿ, ಕೈಯಲ್ಲಿ ಗಾಜು ಒಡೆದ ಮೊಬೈಲು.)

ಸಿದ್ದು: ರಾಯರ, ನೀವು ಮಂತ್ರಿಗೋಳಿಗಿ ಉತ್ರ ಬರದವ್ರು ಅಂತಲ್ರಿ. ನಂಗೊಂದು ಪ್ರಶ್ನಿ ಬರದ ಕೊಡ್ರಿ. ಪಗಾರದಾಗ ಪಿಎಫ್ ಕಟ್ ಆಗ್ತದ, ಪಾಸ್‌ಬುಕ್ಕಿನ್ಯಾಗ ಐದ ತಿಂಗಳದ್ದು ಬಿದ್ದೇ ಇಲ್ರಿ. ಗುತ್ತಿಗಿದಾರಗ ಕೇಳಿದ್ರ ಕಚೇರಿಗಿ ಕೇಳು ಅಂತಾನ, ಕಚೇರಿಯವ್ರು ಗುತ್ತಿಗಿದಾರಗ ಕೇಳು ಅಂತಾರ.

ರಾಯರು: ನೋಡಪ್ಪಾ, ಮೂವತ್ತೊಂದು ವರ್ಷದಲ್ಲಿ ನಾನು ಒಂದೂ ಪ್ರಶ್ನೆ ಬರೆದಿಲ್ಲ. ಕಟುಕನ ಹತ್ತಿರ ಕುರಿ ಹೆರಿಗೆ ಮಾಡಿಸೋಕೆ ಬಂದಿದೀಯ.

ಸಾವಿತ್ರಮ್ಮ: ಬರೀರಿ, ಪರವಾಗಿಲ್ಲ. ಪಾಪ ಕಳೀಲಿ.

ರಾಯರು: ಸರಿ. ಮೊದಲು ಯಾರ ಕೈಲಿ ಕೇಳಿಸೋದು? ನಿನ್ನ ಓಟು ಎಲ್ಲಿದೆ?

ಸಿದ್ದು: ಆಳಂದದಾಗರಿ. ಕಲಬುರಗಿ ಜಿಲ್ಲಾ.

ರಾಯರು: ಜಿಲ್ಲೆ ಕಲಬುರಗಿ. ಆದರೆ ಲೋಕಸಭೆಗೆ ಆಳಂದ ಬರೋದು ಬೀದರ್ ಕ್ಷೇತ್ರಕ್ಕೆ.

ಬಸಪ್ಪ: ಇದೂ ಹಂಗ ಐತ್ರಿ. ಕುರಕುಂಭ ಪುಣೆ ಜಿಲ್ಲಾ, ಲೋಕಸಭಾಕ್ಕ ಬಾರಾಮತಿ. ಬೆವರು ಬಾರಾಮತಿದಾಗ, ಓಟು ಬೀದರದಾಗ. ಇಂವಾ ಯಾರವ ಅಂತ ಅವ್ರಿಗೂ ಗೊತ್ತಿಲ್ಲ, ಇವ್ರಿಗೂ ಗೊತ್ತಿಲ್ಲ.

ರಾಯರು: ಪಿಎಫ್ ಕೇಂದ್ರದ್ದು, ಕಾರ್ಮಿಕ ಮಂತ್ರಿಗೆ ಹೋಗುತ್ತೆ. ಹಾಗಾಗಿ ಯಾವ ಎಂಪಿ ಕೇಳಿದರೂ ನಡೆಯುತ್ತೆ. ಈಗ ಹೇಳು, ಚುಕ್ಕೆ ಬೇಕೋ ಬೇಡವೋ?

ಸಿದ್ದು: ಚುಕ್ಕಿ ಏನ್ರಿ?

ರಾಯರು: ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು. ಲೋಕಸಭೆಯಲ್ಲಿ ದಿನಕ್ಕೆ 20. ಹಸಿರು ಕಾಗದದಲ್ಲಿ ಅಚ್ಚಾಗುತ್ತೆ. ಚುಕ್ಕೆ ಇಲ್ಲದ್ದು 230, ಬಿಳಿ ಕಾಗದ. ಅದಕ್ಕೆ ಬರೀ ಲಿಖಿತ ಉತ್ತರ. ಮೇಜಿನ ಮೇಲೆ ಇಟ್ಟರೆ ಮುಗೀತು.

ಸಿದ್ದು: ಹಂಗಾರ ಚುಕ್ಕಿದೇ ಹಾಕ್ರಿ.

ರಾಯರು: ನಾವು ಹಾಕೋದಲ್ಲ ಮಾರಾಯ. 15 ದಿನ ಮುಂಚೆ ನೋಟಿಸು ಕೊಡಬೇಕು, ಆಮೇಲೆ ಚೀಟಿ ಎತ್ತುತ್ತಾರೆ. ಹೆಸರು ಬಂದರೂ 11 ಗಂಟೆಗೆ ಶುರುವಾಗಿ ಐದಾರು ಪ್ರಶ್ನೆ ಮುಗಿಯೋಷ್ಟರಲ್ಲಿ 12 ಹೊಡೆಯುತ್ತೆ. ಉಳಿದ ಚುಕ್ಕೆಗಳೆಲ್ಲ ಬೆಳಗಿನ ನಕ್ಷತ್ರ.

ಸಾವಿತ್ರಮ್ಮ: ಚುಕ್ಕೆ ಇದ್ದರೆ ಉಪಪ್ರಶ್ನೆ ಕೇಳಬಹುದು ಅನ್ನೋದನ್ನ ಹೇಳಿ. ಅದಕ್ಕೇ ಅಲ್ಲವೇ ನಿಮಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ?

ರಾಯರು: ಅದು ನಿಜ. ಉತ್ತರ ಅರ್ಧ ಪುಟ. ಉಪಪ್ರಶ್ನೆ ಬಂದರೆ ಅಂತ ಮಂತ್ರಿ ಕೈಗೆ ಕೊಡೋ ಟಿಪ್ಪಣಿ ನಲವತ್ತು ಪುಟ. ಎಷ್ಟು ಹುದ್ದೆ ಖಾಲಿ, ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು, ಯಾಕೆ ಮಲಗಿತ್ತು, ಎಲ್ಲ ಅದರಲ್ಲಿ ಇರುತ್ತೆ. ಸತ್ಯವೆಲ್ಲ ಆ ಟಿಪ್ಪಣಿಯಲ್ಲಿ. ಅದನ್ನ ಬಿಚ್ಚೋ ಪ್ರಸಂಗ ಬಾರದಿರಲಿ ಅಂತ ನಾವು ಗಣಪತಿಗೆ ಕೈಮುಗೀತಿದ್ವಿ. ಒಂದು ಸಲ ಖಾಲಿ ಹುದ್ದೆಗಳ ಮೇಲೇ ಪ್ರಶ್ನೆ ಬಂತು. ಟೈಪಿಸ್ಟ್ ಹುದ್ದೆಯೂ ಖಾಲಿ ಇದ್ದದ್ದರಿಂದ 'ಆಡಳಿತಕ್ಕೆ ಯಾವುದೇ ತೊಂದರೆಯಾಗಿಲ್ಲ' ಅನ್ನೋ ಉತ್ತರವನ್ನ ರಾತ್ರಿ ಹತ್ತೂವರೆಗೆ ನಾನೇ ಒಂದೊಂದು ಬೆರಳಲ್ಲಿ ಕುಟ್ಟಿದೆ.

ಬಸಪ್ಪ: ಪ್ರಶ್ನಿ ಕೇಳಸಾಕ ರೊಕ್ಕಾ ಹತ್ತತೈತೇನ್ರಿ?

ರಾಯರು: ಹತ್ತೋ ಹಾಗಿಲ್ಲ. ಪ್ರಶ್ನೆಗೆ ದುಡ್ಡು ಇಸ್ಕೊಂಡರು ಅಂತ 2005ರ ಡಿಸೆಂಬರಿನಲ್ಲಿ ಹನ್ನೊಂದು ಜನ ಸಂಸದರನ್ನ ಮನೆಗೆ ಕಳಿಸಿದರು. ಅದೇ ನೋಡು, ಉತ್ತರ ಬರೆಯೋಕೆ ದುಡ್ಡು ಕೊಡ್ತೀನಿ ಅಂತ ನನ್ನ ಹತ್ತಿರ ಒಬ್ಬನೂ ಬರಲಿಲ್ಲ.

(ರಾಯರು ಬಸಪ್ಪನ ಬಿಲ್ಲಿನ ಚೀಟಿ ತಿರುವಿ ಪೆನ್ನು ತೆಗೆದರು. ಸಿದ್ದು ಬಗ್ಗಿ ನೋಡಿದ.)

ಸಿದ್ದು: ಹಿಂಗ ಬರೀರಿ. 'ನಮ್ಮ ರೊಕ್ಕಾ ತಿಂದು ಡೇಕರಿಕಿ ಬಿಡೋ ಧಣಿಗೋಳಿಗಿ...'

ರಾಯರು: ಆಗಲ್ಲ. ಲೋಕಸಭೆಯ ನಿಯಮ 41. ವಾದ ಇರಬಾರದು, ಊಹೆ ಇರಬಾರದು, ಬೈಗುಳ ಇರಬಾರದು, ಆರೋಪ ಇರಬಾರದು, ವ್ಯಂಗ್ಯ ಇರಬಾರದು. 150 ಪದ ಮೀರಬಾರದು.

ಬಸಪ್ಪ: ಅಮ್ಮಾರು ಲೋಕಸಭಾಕ್ಕ ಹೋದ್ರ ಒಂದು ಮಾತೂ ಆಡಾಕ ಆಗೂದಿಲ್ಲ ಬಿಡ್ರಿ.

ಸಾವಿತ್ರಮ್ಮ: ಅದಕ್ಕೇ ಇವರನ್ನ ಮದುವೆಯಾದೆ. ಮನೆಯಲ್ಲಿ ನಿಯಮ 41 ಇಲ್ಲ.

ರಾಯರು: (ಬರೆಯುತ್ತಾ) 'ಅ. ಗುತ್ತಿಗೆ ಕಾರ್ಮಿಕರ ವೇತನದಿಂದ ಕಡಿತಗೊಳಿಸಿದ ಭವಿಷ್ಯ ನಿಧಿಯು ಖಾತೆಗೆ ಜಮೆಯಾಗದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ. ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಇ. ಕ್ರಮ ಕೈಗೊಂಡಿಲ್ಲವಾದಲ್ಲಿ, ಕಾರಣಗಳೇನು?'

ಸಿದ್ದು: ಭಾಳ ಛಂದ ಆಗ್ಯಾದ್ರಿ! ಆದ್ರ ಪೆನ್ನು ನಿಲ್ಲವಲ್ದು. ಕೆಳಗ ಏನ ಬರೀಲಿಕ್ಕತ್ತೀರಿ?

ರಾಯರು: (ಬೆಚ್ಚಿ) ಅಯ್ಯೋ, ಕೈ ತಾನಾಗೇ ಹೋಯ್ತು. ಉತ್ತರ ಬರೆದುಬಿಟ್ಟೆ. 'ಅ. ಬಂದಿರುವುದಿಲ್ಲ. ಆ. ಉದ್ಭವಿಸುವುದಿಲ್ಲ. ಇ. ಉದ್ಭವಿಸುವುದಿಲ್ಲ.'

ಬಸಪ್ಪ: ಪ್ರಶ್ನಿ ಪೋಸ್ಟಿಗೆ ಹಾಕೂಕಿಂತ ಮೊದಲ ಉತ್ರ ಬಂತಲ್ರಿ!

ರಾಯರು: ಇದರ ಮರ್ಮ ಇಷ್ಟೇ. ಹೆಣಿಗೆಯಲ್ಲಿ ಮೊದಲ ಎಳೆ ಎಳೆದರೆ ಸ್ವೆಟರೇ ಬಿಚ್ಚಿ ಬರುತ್ತಲ್ಲ, ಹಾಗೆ. 'ಅ'ಗೆ ಇಲ್ಲ ಅಂದರೆ ಉಳಿದವೆಲ್ಲ ಹುಟ್ಟೋದೇ ಇಲ್ಲ. ಇದರಲ್ಲಿ ಸುಳ್ಳೂ ಇಲ್ಲ. ಗಮನಕ್ಕೆ ಬಂದಿಲ್ಲ ಅಂದರೆ ಬಂದಿಲ್ಲ, ನಾವು ಆ ಕಡೆ ತಿರುಗಿದ್ದರೆ ತಾನೇ ಬರೋದು?

ಸಾವಿತ್ರಮ್ಮ: ಹಾಗಾದರೆ ಗಮನದ ಸುದ್ದಿಯೇ ಎತ್ತಬೇಡಿ. 'ನೀವು ನೋಡಿದಿರಾ' ಅಂತ ಕಳ್ಳನನ್ನ ಯಾರಾದರೂ ಕೇಳ್ತಾರಾ? ಎಷ್ಟು ದೂರು ಬಂದವು, ಎಷ್ಟು ಮುಗಿದವು, ಆರು ತಿಂಗಳು ದಾಟಿದವು ಎಷ್ಟು. ಬರೀ ಎಷ್ಟು ಅಂತ ಕೇಳಿ.

ರಾಯರು: (ಪೆನ್ನು ಕೆಳಗಿಟ್ಟು) ನಿನ್ನಂಥ ಒಬ್ಬಳು ಶಾಸಕಿ ಇದ್ದಿದ್ದರೆ ನಾನು ವಾಲಂಟರಿ ತಗೋತಿದ್ದೆ. ಆಗ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅನ್ನಬೇಕಾಗುತ್ತೆ. ಅದು ಅಪಾಯ.

ಬಸಪ್ಪ: ಅದರಾಗೇನ ಅಪಾಯ್ರಿ?

ರಾಯರು: ಅದು ಭರವಸೆ ಅಂತ ಲೆಕ್ಕ. ಅದನ್ನ ಹಿಡಿಯೋಕೇ ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲ ಯಾಕಾಗಲಿಲ್ಲ ಹೇಳಿ ಗಡುವು ಕೇಳಬೇಕು. 'ಪರಿಶೀಲನೆಯಲ್ಲಿದೆ' ಅಂದರೂ ಭರವಸೆಯೇ.

ಬಸಪ್ಪ: (ಖಾತೆ ಪುಸ್ತಕ ಟಪ್ಪೆಂದು ಇಟ್ಟು) ಏನಂದ್ರಿ? ಈಗ ಐದ ನಿಮಿಷದ ಹಿಂದ ನನಗ ಏನಂದಿದ್ರಿ?

(ರಾಯರು ಹೆದ್ದಾರಿಯ ಕಡೆ ನೋಡಿದರು. ಒಂದು ಟ್ಯಾಂಕರು ಉದ್ದಕ್ಕೆ ಹಾರ್ನ್ ಹೊಡೆಯಿತು. ಸದನದಲ್ಲೂ ಇಂಥ ಹೊತ್ತಿಗೆ ಯಾರಾದರೂ ಗದ್ದಲ ಎಬ್ಬಿಸಿ ಕಾಪಾಡುವುದುಂಟು.)

ರಾಯರು: ಬಸಪ್ಪ, ನಿನಗೊಂದು ವಿಷಯ ಗೊತ್ತಾ? ಈ ದೇಶದ ಶಾಸನಸಭೆಯಲ್ಲಿ ಮೊದಲ ಪ್ರಶ್ನೆ ಕೇಳಿದ್ದೇ ನಿಮ್ಮಂಥ ಅಂಗಡಿಯವರ ಪರವಾಗಿ. 1893ರಲ್ಲಿ. ಕೇಳಿದವನು ಭಿಂಗಾದ ರಾಜ. ಅಧಿಕಾರಿಗಳು ಸರ್ಕೀಟು ಬಂದಾಗ ಹಳ್ಳಿ ಅಂಗಡಿಕಾರರು ಅವರಿಗೆ ದಿನಸಿ ಒದಗಿಸಿ ಸೋತುಹೋಗ್ತಿದ್ದಾರಲ್ಲ, ಅಂತ.

ಬಸಪ್ಪ: ಅದರ ಉತ್ರ ಇನ್ನೂ ಕುರಕುಂಭಕ್ಕ ಬಂದಿಲ್ಲ ಕಾಣತೈತ್ರಿ. ನಿನ್ನೆ ಒಂದು ಜೀಪ್ ಬಂದಿತ್ತು. ಆರು ಚಹಾ, ನಾಕು ಪೋಹೆ. 'ಬಸಪ್ಪಾ, ಚಹಾ ಝಕಾಸ್' ಅಂದ್ರು, ಹ್ವಾದ್ರು.

ರಾಯರು: ಆಗ ಉಪಪ್ರಶ್ನೆ ಕೇಳೋ ಹಕ್ಕು ಇರಲಿಲ್ಲ. ಅದು ಬಂದಿದ್ದು 1909ರಲ್ಲಿ.

ಸಾವಿತ್ರಮ್ಮ: ಬಸಪ್ಪನಿಗೆ ಇನ್ನೂ ಬಂದಿಲ್ಲ.

ಸಿದ್ದು: ನನ ಪ್ರಶ್ನಿ ಎಲ್ಲಿಗಿ ಬಂತ್ರಿ? ಅಮ್ಮಾರು ಹೇಳಿದಂಗ 'ಎಷ್ಟು' ಅಂತ ಕೇಳಿದ್ರ ಖರೇ ಲೆಕ್ಕಾ ಕೊಡ್ತಾರ?

ರಾಯರು: (ಸ್ವಲ್ಪ ಹೊತ್ತು ಬಿಟ್ಟು) ತಪ್ಪಿಸಿಕೊಳ್ಳೋಕೆ ಇನ್ನೊಂದು ದಾರಿ ಇದೆ. ಅದನ್ನ ನಾನು ಬಳಸಿಲ್ಲ, ಪುಣ್ಯ. 2020ರ ಸೆಪ್ಟೆಂಬರ್ 14. ಆ ಸಲ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಬರೀ ಲಿಖಿತ ಉತ್ತರ. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರು ಎಷ್ಟು ಜನ ಸತ್ತರು ಅಂತ ಲೋಕಸಭೆಯಲ್ಲಿ ಕೇಳಿದ್ದರು. ಕಾರ್ಮಿಕ ಮಂತ್ರಿ ಸಂತೋಷ್ ಗಂಗ್ವಾರ್ ಅವರ ಉತ್ತರ ಬಂತು. ಅಂಥ ಅಂಕಿಅಂಶ ಇಟ್ಟಿಲ್ಲ. ಪರಿಹಾರ ಕೊಟ್ಟಿದೀರಾ ಅಂದದ್ದಕ್ಕೆ, ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಉದ್ಭವಿಸುವುದಿಲ್ಲ. ಊರು ಮುಟ್ಟಿದವರ ಲೆಕ್ಕ ಇತ್ತು, ಒಂದು ಕೋಟಿಯ ಮೇಲೆ. ಮುಟ್ಟದವರದ್ದು ಇರಲಿಲ್ಲ.

(ಯಾರೂ ಮಾತಾಡಲಿಲ್ಲ. ಚಹಾ ಉಕ್ಕಿ ಬರ್ನರಿನ ಮೇಲೆ ಚುರ್ ಎಂದಿತು. ಬಸಪ್ಪ ಅದನ್ನೂ ನೋಡದೆ ಒಳಗೆ ಹೋಗಿ ಸಕ್ಕರೆ ಡಬ್ಬಿಗಳ ಹಿಂದೆ ಕೈಹಾಕಿ ಒಂದು ಹಳೇ ಉದ್ರಿ ಪುಸ್ತಕ ತಂದ. ರಟ್ಟಿಗೆ ಎಣ್ಣೆ ಜಿಡ್ಡು, ಮೂಲೆ ಇಲಿ ತಿಂದದ್ದು. ನಡುವಿನ ಪುಟ ತೆಗೆದ. ಗಿರಾಕಿಯ ಹೆಸರಿರಬೇಕಾದ ಜಾಗದಲ್ಲಿ 'ನಡಕೊಂಡ ಹೋಗಾವ್ರು' ಎಂದು ಬರೆದಿತ್ತು. ಕೆಳಗೆ ಪೆನ್ಸಿಲ್ಲಿನ ಗೆರೆಗಳು. ನಾಲ್ಕು ನಿಂತವು, ಒಂದು ಅಡ್ಡ.)

ಬಸಪ್ಪ: ಅಂಗಡಿ ಬಂದ್ ಇತ್ರಿ. ಹಿತ್ತಲದಾಗ ಒಲಿ ಹೂಡಿದ್ದೆ. ಪೊಲೀಸ್ರು ಬಂದ್ರ ಹೊಗಿ ಕಾಣಬಾರದಂತ ನಸಿಕನ್ಯಾಗ.

ಸಾವಿತ್ರಮ್ಮ: (ಕನ್ನಡಕ ಏರಿಸಿ ಓದುತ್ತಾ) ಅಫಜಲಪುರ, ಆರು. ಇಂಡಿ, ಒಂಬತ್ತು. ಜೇವರ್ಗಿ, ನಾಲ್ಕು, ಒಂದು ಕೂಸು. ಊರು ಹೇಳಲಿಲ್ಲ, ಮೂರು. ಆಳಂದ, ಹನ್ನೊಂದು.

ಸಿದ್ದು: ಹನ್ನೆಲ್ಡ್ರಿ.

ಬಸಪ್ಪ: ಏನು?

ಸಿದ್ದು: ಆಳಂದದವ್ರು ಹನ್ನೆಲ್ಡ ಮಂದಿ ಇದ್ದಿವ್ರಿ. ಪುಣೆದಾಗ ಸೆಂಟ್ರಿಂಗ್ ಮಾಡ್ತಿದ್ದಿವಿ. ಇದೇ ಬೇವಿನ ಗಿಡದ ಬುಡಕ್ಕ ಕುಂತಿದ್ದಿವಿ.

ಬಸಪ್ಪ: ಒಬ್ಬಾಂವ ಚಹಾ ಒಲ್ಲೆ ಅಂದಾ. ಇದು ಕುಡದವ್ರ ಲೆಕ್ಕಾ ಅಷ್ಟ.

ಸಿದ್ದು: ಅಂವಾ ನಾನೇ ರೀ. ಖಾಲಿ ಹೊಟ್ಟಿಗಿ ಚಹಾ ಕುಡದ್ರ ಎದಿ ಉರೀತದ.

ರಾಯರು: (ಪುಟ ತಿರುಗಿಸಿ, ಹಿಂದಕ್ಕೆ ತಿರುಗಿಸಿ) ನಮೂನೆ ಸರಿಯಾಗಿದೆ. ಊರು, ಸಂಖ್ಯೆ, ಷರಾ. ಸಹಿ ಒಂದಿಲ್ಲ.

ಸಾವಿತ್ರಮ್ಮ: ನನ್ನದೊಂದು ಉಪಪ್ರಶ್ನೆ, ಬಸಪ್ಪ. ಈ ಖಾತೆಯ ದುಡ್ಡು ಯಾರು ಕೊಟ್ಟರು?

ಬಸಪ್ಪ: (ಪುಸ್ತಕ ಕಸಿದು ಕಂಕುಳಲ್ಲಿ ಇಟ್ಟುಕೊಂಡು) ಮಾಹಿತಿ ಸಂಗ್ರಹ ಮಾಡಾಕತ್ತೇವ್ರಿ.

ಸಾವಿತ್ರಮ್ಮ: ಮೂರು ತಿಂಗಳು ಟೈಮು.

(ಸಿದ್ದುವಿನ ಪಾಳಿಗೆ ಹೊತ್ತಾಗಿತ್ತು. 'ಎಷ್ಟು' ಎಂಬ ಮೂರು ಸಾಲಿನ ಚೀಟಿಯನ್ನು ಮೊಬೈಲಿನ ಕವರಿನೊಳಗೆ ಮಡಚಿಟ್ಟ. ದೌಂಡಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವ ಕಾಕಾನ ಕೈಗೆ ಕೊಟ್ಟು ಕಳಿಸುತ್ತೇನೆ, ಪೋಸ್ಟಿಗಿಂತ ಗ್ಯಾರಂಟಿ ಅಂದ. ರಾಯರು ಜೇಬಿನಿಂದ ಐನೂರರ ನೋಟು ತೆಗೆದು ಮೇಜಿನ ಮೇಲೆ ಇಟ್ಟು, ಹಾರದಂತೆ ಗ್ಲಾಸು ಹೇರಿದರು.)

ರಾಯರು: ಸದನದ ಮುಂದೆ ಮಂಡಿಸಿದೆ.

ಬಸಪ್ಪ: ಬಂತ್ರಿ. ಜಮಾ ಮಾಡಿಕೊಂಡೆ.

ರಾಯರು: ಉಳಿದ ಇಪ್ಪತ್ತು ರೂಪಾಯಿ?

ಬಸಪ್ಪ: ಉದ್ಭವಿಸೂದಿಲ್ರಿ. ಇವತ್ತಿನ ಎರಡ ಚಹಾ ಯಾರ ಅಪ್ಪನವು?