ಪ್ಲಾಸ್ಟಿಕ್ ಹೊದ್ದ ಸಿಎನ್‌ಸಿ

ಪೀಣ್ಯದ ಒಂದು ವರ್ಕ್‌ಶಾಪ್. ಸಾಲ ಮಾಡಿ ತಂದ ಕಂಪ್ಯೂಟರ್ ಚಾಲಿತ ಸಿಎನ್‌ಸಿ ಯಂತ್ರ ಪ್ಲಾಸ್ಟಿಕ್ ಹೊದ್ದು ನಿಂತಿದೆ. ಆಯುಧಪೂಜೆಯ ಕುಂಕುಮ ಇನ್ನೂ ಅಳಿಸಿಲ್ಲ. ಅಳಿಸೋಕೆ ದಿನಾ ಯಾರಾದ್ರೂ ಮುಟ್ಟಬೇಕಲ್ಲ!

ರಮೇಶ: ಸಾರ್, ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಸಿಎನ್‌ಸಿ ಕಲಿಸ್ತಾರೆ. ಹೋಗ್ಲಾ?

ಯಜಮಾನ: ಹೋಗಪ್ಪಾ! ಕಲಿಯೋಕೆ ವಯಸ್ಸುಂಟಾ? 1972ರಲ್ಲಿ ಡೆನ್ಮಾರ್ಕಿನವರ ನೆರವಲ್ಲಿ ಶುರುವಾದ ಸಂಸ್ಥೆ ಅದು.

ರಮೇಶ: ಹಾಗಾದ್ರೆ ಕೆಲವು ದಿನ ಒಂದು ಗಂಟೆ ಮುಂಚೆ ಬಿಡಿ ಸಾರ್.

ಯಜಮಾನ: ಶಿಫ್ಟ್ ಮುಗಿಸ್ಕೊಂಡು ಹೋಗು.

ರಮೇಶ: ಆಮೇಲೆ ಓಟಿ ಇರುತ್ತಲ್ಲ.

ಯಜಮಾನ: ಓಟಿ ಮುಗಿಸ್ಕೊಂಡು ಹೋಗು.

ರಮೇಶ: ಆಗ ಅಲ್ಲಿ ವಾಚ್‌ಮನ್ ಒಬ್ಬನೇ ಇರ್ತಾನೆ ಸಾರ್.

ಯಜಮಾನ: ನೋಡು, ಕಲಿತು ಪಕ್ಕದ ಶೆಡ್ಡಿಗೆ ಹೋಗಲ್ಲ ಅಂತ ಏನು ಗ್ಯಾರಂಟಿ?

ರಮೇಶ: ಈಗ ಪ್ರೋಗ್ರಾಂ ಹಾಕೋಕೆ ಬರೋನು ಆ ಪಕ್ಕದ ಶೆಡ್ಡಿನವನೇ ಅಲ್ವಾ? ಒಂದೊಂದು ಜಾಬ್‌ಗೂ ದುಡ್ಡು ಎಣಿಸ್ತೀರಿ. ಅಲಾರಂ ಹೊಡೆದ್ರೆ ಆಫ್ ಮಾಡಿ ಆನ್ ಮಾಡೋದಷ್ಟೇ ನಮಗೆ ಗೊತ್ತು.

ಯಜಮಾನ: ಹೋಗ್ಲಿ, ಒಬ್ಬ ಅಪ್ರೆಂಟಿಸ್ ಹುಡುಗನ್ನ ಹಾಕಿಕೊಡ್ಲಾ? ಬೇಡ ಬೇಡ. ಮೂವತ್ತು ಜನ ಆದ್ರೆ ಅಪ್ರೆಂಟಿಸ್ ಕಡ್ಡಾಯ ಅಂತಾನೇ ಇಪ್ಪತ್ತೊಂಬತ್ತಕ್ಕೆ ನಿಲ್ಸಿದೀನಿ.

(ಕಾನೂನನ್ನು ಇಷ್ಟು ಚೆನ್ನಾಗಿ ಓದಿಕೊಂಡವರು ಇಡೀ ಶೆಡ್ಡಿನಲ್ಲಿ ಇವರೊಬ್ಬರೇ.)

ರಮೇಶ: ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಪಾಠ ಪುಕ್ಕಟೆ ಸಾರ್. ಊಟದ ಹೊತ್ತಲ್ಲಿ ಮೊಬೈಲಲ್ಲೇ ನೋಡ್ತೀನಿ.

ಯಜಮಾನ: ಮೊಬೈಲಾ? ಒಳಗೆ ತರಬಾರದು ಅಂತ ಬೋರ್ಡ್ ಹಾಕಿಲ್ವಾ?

ಮರುದಿನ ಅದೇ ಬೋರ್ಡಿನ ಕೆಳಗೆ ಹೊಸ ಸಾಲು: ‘ನಿರಂತರ ಕಲಿಕೆಗೆ ಸಂಸ್ಥೆಯ ಸಂಪೂರ್ಣ ಬೆಂಬಲವಿದೆ. ರಜೆ, ಫೀಸು, ಮೊಬೈಲು ಕೇಳಬಾರದು.’